ದಾರಿ ಬಲ್ಲವರ ಋಣ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಸುಂದರವಾದ ಪುಷ್ಕರಣಿಯ ಪಕ್ಕಕ್ಕೆ ಹಳೆಯ ಕಟ್ಟಡವೊಂದಿದೆ. ಜನ ಅದನ್ನು ಮುಸಾಫಿರ್‌ಖಾನೆ ಎಂದು ಕರೆಯುತ್ತಾರೆ. ‘ಮುಸಾಫಿರ್’ ಎಂಬುದು ಅರಬ್ಬಿ ಮೂಲದ ಪದ. ಪಯಣಿಗ ಎಂದು ಅದರ ಅರ್ಥ. ದೂರದಿಂದ ನಡೆದು ಬಂದವನಿಗೆ ತಲೆಯ ಮೇಲೊಂದು ಸೂರು, ಕುಡಿಯಲು ನೀರು, ಮುಂದಿನ ದಾರಿ ಹೇಳುವ ಒಬ್ಬ ಮನುಷ್ಯ, ಇಷ್ಟು ದೊರೆತರೆ ಅಂದಿನ ಪಯಣ ಸುಗಮವಾಗುತ್ತಿತ್ತು. ಆ ಪದ ಯಾವ ನಾಡಿನ ಭಾಷೆಯಿಂದ ನಮ್ಮಲ್ಲಿಗೆ ಬಂತೋ ಆ ನಾಡಿಗೆ ಈಗ ನಮ್ಮ ಸೀಮೆಯ ಮಕ್ಕಳು ಪಯಣ ಹೋಗುತ್ತಿದ್ದಾರೆ. ವಿಮಾನವು ದೂರವನ್ನು ನಾಲ್ಕು ಗಂಟೆಗೆ ಇಳಿಸಿದೆ ನಿಜ. ಆದರೆ ಗೊತ್ತಿಲ್ಲದ ಊರಿನಲ್ಲಿ ಇಳಿದು ನಿಂತವನ ಅಸಹಾಯಕತೆಯನ್ನು ಅದು ಕಡಿಮೆ ಮಾಡಿಲ್ಲ.

ಚನ್ನಗಿರಿ ಮತ್ತು ಹೊನ್ನಾಳಿ ಒಂದು ಕಾಲಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇವು ಒಂದೇ ಸೂರಿನಡಿ ಬಂದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಆಮೇಲೆ ತಾನೇ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲ ಒಂದಲ್ಲ. ಸೂಳೆಕೆರೆಯ ಆಸರೆಯ ಚನ್ನಗಿರಿಯಲ್ಲಿ ಅಡಿಕೆ ತೋಟಗಳ ತಂಪು. ಹೊನ್ನಾಳಿಯಲ್ಲಿ ತುಂಗಭದ್ರೆಯ ಹರಿವು. ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಬಯಲು. ಮಳೆ ಕೈಕೊಟ್ಟ ವರ್ಷ ಜಗಳೂರಿನ ರೈತನ ಮನೆಯಲ್ಲಿ ಹುಟ್ಟುವ ಮಾತು ‘ಹೊರಗೆ ಹೋಗೋಣ’ ಎಂಬುದು. ಆ ‘ಹೊರಗೆ’ ಒಮ್ಮೆ ದಾವಣಗೆರೆಯಾಗಿತ್ತು, ಬಳಿಕ ಬೆಂಗಳೂರಾಯಿತು, ಈಗ ಕೆಲವರಿಗೆ ಕೊಲ್ಲಿ ದೇಶವಾಗಿದೆ.

ನ್ಯಾಮತಿಯ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು 2024ರ ಜನವರಿಯಲ್ಲಿ ಶಾರ್ಜಾಕ್ಕೆ ಹೋದದ್ದು ಇಂಥ ಒತ್ತಡದಿಂದಲ್ಲ. ಮಗಳು, ಅಳಿಯ ಅಲ್ಲಿದ್ದರು; ಮೊಮ್ಮಗುವನ್ನು ನೋಡುವ ಆಸೆಯಿತ್ತು. ಊರಿನಲ್ಲಿ ಎಲ್ಲರೂ ಅವರನ್ನು ಮೇಷ್ಟರು ಎಂದೇ ಕರೆಯುತ್ತಾರೆ. ಇಲ್ಲಿಯೂ ಹಾಗೆಯೇ ಇರಲಿ. ಹೊರಡುವ ಮುನ್ನ ಮನೆಯಾಕೆ ಕಟ್ಟಿದ ಗಂಟುಗಳಲ್ಲಿ ಎರಡನ್ನು ಮಗಳು ಫೋನಿನಲ್ಲಿಯೇ ತೆಗೆಸಿದಳು. ಒಂದು ಪಾಯಸಕ್ಕೆಂದು ಇಟ್ಟ ಗಸಗಸೆ. ಅದು ಅಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ವೀಳ್ಯದೆಲೆಯ ಕಟ್ಟು. ದುಬೈ ಸುಂಕದವರ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮಲ್ಲಿ ಮಂಗಳದ್ರವ್ಯವಾದದ್ದು ಅಲ್ಲಿ ಅಪರಾಧವಾಗಬಹುದು ಎಂಬುದು ಮೇಷ್ಟರಿಗೆ ಆ ಪಯಣ ಕಲಿಸಿದ ಮೊದಲ ಪಾಠ. ದಿನವೂ ನುಂಗುವ ಗುಳಿಗೆಗಳಿಗೆ ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಂಡರು. ಪರರ ಮನೆಗೆ ಹೋಗುವವನು ಆ ಮನೆಯ ನಡೆಯನ್ನು ತಿಳಿದು ಹೋಗಬೇಕು. ಅದು ಹೆದರಿಕೆಯಲ್ಲ, ಮರ್ಯಾದೆ.

ಅಲ್ಲಿ ನಡೆದಾಡುವುದನ್ನು ಅವರು ಹೊಸದಾಗಿ ಕಲಿಯಬೇಕಾಯಿತು. ವಾಹನಗಳು ರಸ್ತೆಯ ಬಲಗಡೆಯಲ್ಲಿ ಓಡುವ ದೇಶವದು. ಅರವತ್ತು ವರ್ಷ ಮೊದಲು ಬಲಕ್ಕೆ ನೋಡಿ ರಸ್ತೆ ದಾಟಿದ ಕೊರಳು ಮೊದಲು ಎಡಕ್ಕೆ ತಿರುಗಬೇಕು. ಗುರುತಿಲ್ಲದ ಕಡೆ ದಾಟಿದವನಿಗೆ ಆಗ 400 ದಿರ್ಹಮ್ ದಂಡವಿತ್ತು. 2025ರಲ್ಲಿ ಬಂದ ಹೊಸ ಸಂಚಾರ ಕಾನೂನು ಇನ್ನಷ್ಟು ಬಿಗಿಯಾಗಿದೆ. ಮನೆ ಹುಡುಕುವುದೂ ಸುಲಭವಲ್ಲ. ಅಂಚೆಯವನು ಮನೆ ಬಾಗಿಲಿಗೆ ಬಂದು ಕಾಗದ ಕೊಡುವ ಪದ್ಧತಿ ಅಲ್ಲಿ ಬೆಳೆದು ಬಂದಿಲ್ಲ. ಜನ ಅಂಚೆಪೆಟ್ಟಿಗೆಯ ಸಂಖ್ಯೆಯನ್ನೇ ವಿಳಾಸವಾಗಿ ಬಳಸುತ್ತಾರೆ. ದುಬೈಯಲ್ಲಿ ಪ್ರತಿ ಕಟ್ಟಡದ ಬಾಗಿಲಿಗೂ ಹತ್ತು ಅಂಕಿಯ ‘ಮಕಾನಿ’ ಎಂಬ ಸಂಖ್ಯೆ ಕೊಟ್ಟಿದ್ದಾರೆ. ಆದರೂ ಬಾಯಿಮಾತಿನಲ್ಲಿ ದಾರಿ ಹೇಳುವವರು ಮಸೀದಿ, ಔಷಧಿ ಅಂಗಡಿ, ವೃತ್ತಗಳ ಗುರುತನ್ನೇ ಹೇಳುತ್ತಾರೆ. ‘ಅರಳಿಕಟ್ಟೆ ದಾಟಿ ಎಡಕ್ಕೆ’ ಎನ್ನುವ ನ್ಯಾಮತಿಯ ಮಾತಿಗೂ ಇದಕ್ಕೂ ಏನು ಅಂತರ ಎಂದು ಮೇಷ್ಟರಿಗೆ ಅನ್ನಿಸಿತಂತೆ.

ವಾರದ ಲೆಕ್ಕವೂ ಬೇರೆ. 2022ರಿಂದ ದುಬೈಯ ಸರ್ಕಾರಿ ಕಚೇರಿಗಳು ಶುಕ್ರವಾರ ಮಧ್ಯಾಹ್ನದವರೆಗೆ ನಡೆದು ಶನಿವಾರ, ಭಾನುವಾರ ಮುಚ್ಚುತ್ತವೆ. ಅದಕ್ಕೆ ಅಂಟಿಕೊಂಡೇ ಇರುವ ಶಾರ್ಜಾದಲ್ಲಿ ಶುಕ್ರವಾರದಿಂದ ಮೂರು ದಿನ ಬಿಡುವು. ಶಾರ್ಜಾದ ಜುಬೈಲ್ ನಿಲ್ದಾಣದಿಂದ ದುಬೈಗೆ ಬಸ್ಸುಗಳಿವೆ. ಆದರೆ 2009ರ ಸೆಪ್ಟೆಂಬರ್ 9ರಂದು ಆರಂಭವಾದ ದುಬೈ ಮೆಟ್ರೋ ಶಾರ್ಜಾದವರೆಗೆ ಬರುವುದಿಲ್ಲ. ಚಾಲಕನಿಲ್ಲದೆ ಓಡುವ ಆ ಗಾಡಿಯಲ್ಲಿ ‘ನೋಲ್’ ಎಂಬ ಕಾರ್ಡನ್ನು ಮುಟ್ಟಿಸಿ ಒಳಹೋಗಬೇಕು. ತಿಂದರೆ, ನೀರು ಕುಡಿದರೆ ಕೂಡ 100 ದಿರ್ಹಮ್ ದಂಡ. ಹೆಂಗಸರು ಮಕ್ಕಳಿಗೆ ಮೀಸಲಾದ ಭಾಗವನ್ನು ನೆಲದ ಮೇಲೆ ಗುರುತು ಮಾಡಿರುತ್ತಾರೆ. ತಿಳಿಯದೆ ನಿಂತ ಗಂಡಸಿಗೂ ದಂಡ ತಪ್ಪದು. ಇಷ್ಟೆಲ್ಲ ನಿಯಮಗಳ ನಡುವೆ ಮೇಷ್ಟರಿಗೆ ಪ್ರಿಯವಾದದ್ದು ಹಳೆಯ ಅಬ್ರಾ. ಡೇರಾ ಮತ್ತು ಬರ್ ದುಬೈ ನಡುವೆ ನುಗ್ಗಿಬಂದ ಕಡಲಿನ ತೋಳನ್ನು ಆ ಮರದ ದೋಣಿ ಒಂದು ದಿರ್ಹಮಿಗೆ ದಾಟಿಸುತ್ತದೆ. ತುಂಗಭದ್ರೆಯ ತೆಪ್ಪಗಳನ್ನು ಕಂಡವರಿಗೆ ಅದರಲ್ಲಿ ಕುಳಿತಾಗ ಪರದೇಶವೆನ್ನಿಸುವುದಿಲ್ಲ.

ಆ ನೀರಿನ ಮೇಲೆ ನಮ್ಮ ನಾಡಿನ ವ್ಯಾಪಾರ ಇಂದು ನಿನ್ನೆಯದಲ್ಲ. ಭಾರತದ ರೂಪಾಯಿ ಒಂದು ಕಾಲಕ್ಕೆ ಆ ದಡದಲ್ಲಿ ಚಲಾವಣೆಯಲ್ಲಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ರೂಪಾಯಿ ನೋಟುಗಳನ್ನು ಹೊರಡಿಸಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿದ ಮೇಲೆ ಆ ಬಳಕೆ ಕೊನೆಯಾಗತೊಡಗಿತು. 1971ರಲ್ಲಿ ಎಮಿರೇಟುಗಳು ಒಂದು ಒಕ್ಕೂಟವಾದವು. ಇಂದು ಆ ಒಕ್ಕೂಟದಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಹೀಗಿರುವಲ್ಲಿ ಹೊಸಬನಿಗೆ ದಾರಿ ತೋರುವವರು ಸಿಗದಿರುವುದುಂಟೆ? ಬಸ್ಸಿನ ಸಂಖ್ಯೆ ತಿಳಿಯದೆ ನಿಂತ ಮೇಷ್ಟರಿಗೆ ದಾರಿ ಹೇಳಿದವನು ಒಬ್ಬ ಮಲೆಯಾಳಿ ಅಂಗಡಿಯವನು. ತಪ್ಪು ನಿಲ್ದಾಣದಲ್ಲಿ ಇಳಿಯದಂತೆ ತಡೆದವನು ಪೇಶಾವರದ ಒಬ್ಬ ಮುದುಕ. ಇಬ್ಬರಿಗೂ ಮೇಷ್ಟರ ಜಾತಿ, ಊರು, ಭಾಷೆ ಗೊತ್ತಿರಲಿಲ್ಲ; ಗೊತ್ತಾಗಬೇಕಾಗಿಯೂ ಇರಲಿಲ್ಲ.

ಒಂದು ಸಂಜೆ ಅಲ್ ಘುಬೈಬಾ ಬಸ್ ನಿಲ್ದಾಣದಲ್ಲಿ ಮೇಷ್ಟರು ಮಗಳೊಂದಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತನಾಡುತ್ತಿದ್ದುದನ್ನು ಕೇಳಿ ಒಬ್ಬ ತರುಣ ಹತ್ತಿರ ಬಂದ. “ಯಾವೂರು ಸಾರ್ ನಿಮ್ದು?” ಎಂದ. ನ್ಯಾಮತಿ ಎಂದೊಡನೆ ಅವನ ಮುಖ ಅರಳಿತು. ತಾನು ಜಗಳೂರು ತಾಲ್ಲೂಕಿನವನು ಎಂದ. ಪರದೇಶದಲ್ಲಿ ಜಿಲ್ಲೆ ಒಂದಾದರೆ ಸಾಕು, ನಂಟಸ್ತಿಕೆ ಹುಟ್ಟುತ್ತದೆ. ಮೊದಲು ಅವನು ತಾನು ‘ಕಂಪೆನಿಯಲ್ಲಿ’ ಇದ್ದೇನೆ ಎಂದ. ಎರಡನೆಯ ದಿನ ಸಿಕ್ಕಾಗ ಮಾತು ಬದಲಾಯಿತು.

ಅವನ ತಂದೆಗೆ ನಾಲ್ಕು ಎಕರೆ ಹೊಲ. ಈರುಳ್ಳಿಗೆ ಬೆಲೆ ಬರಲಿಲ್ಲ; ಕೊಳವೆಬಾವಿ ಬತ್ತಿತು. ಪರಿಚಯದ ಏಜೆಂಟನೊಬ್ಬ ದುಬೈಯಲ್ಲಿ ಗೋದಾಮಿನ ಕೆಲಸವಿದೆ, ವೀಸಾ ಬಂದಿದೆ ಎಂದು 1,20,000 ರೂಪಾಯಿ ಪಡೆದ. ತಾಯಿಯ ಸರ ಅಡವಿಗೆ ಹೋಯಿತು, ಉಳಿದದ್ದು ಕೈಸಾಲ. ವೀಸಾ ನಿಜವಾಗಿಯೂ ಬಂದಿತ್ತು. ಆದರೆ ಅದು ಅರವತ್ತು ದಿನದ ಸಂದರ್ಶಕರ ವೀಸಾ. ಕಾಗದದ ಮೇಲೆ ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ ಹಾಗೆಂದು ಅಚ್ಚಾಗಿತ್ತು. ಓದಿ ಹೇಳುವವರು ಮನೆಯಲ್ಲಿರಲಿಲ್ಲ. ಡಿಸೆಂಬರಿನಲ್ಲಿ ಬಂದಿಳಿದ ಮೇಲೆ ಅವನನ್ನು ಯಾರೋ ಒಂದು ಅಂಗಡಿಯಲ್ಲಿ ಮೂಟೆ ಹೊರಲು ಹಚ್ಚಿದರು. ಮೂರು ವಾರ ದುಡಿಸಿಕೊಂಡ ಮಾಲೀಕ ಕೂಲಿ ಕೇಳಿದಾಗ, ಕೆಲಸದ ವೀಸಾ ಇಲ್ಲದವನಿಗೆ ಎಂಥ ಲೆಕ್ಕ ಎಂದ. ಈಗ ಅವನು ಡೇರಾದ ಒಂದು ಕೋಣೆಯಲ್ಲಿ ಎಂಟು ಜನರ ನಡುವೆ ಒಂದು ಮಂಚದ ಜಾಗಕ್ಕೆ ಬಾಡಿಗೆ ಕೊಟ್ಟುಕೊಂಡು ಇದ್ದ. ಊರಿಗೆ ಮರಳುವ ಟಿಕೆಟು ಕೈಯಲ್ಲಿತ್ತು. ಅದರ ದಿನಾಂಕಕ್ಕೆ ಇನ್ನು ಒಂಬತ್ತು ದಿನ. ಕೋಣೆಯವರು, ‘ಟಿಕೆಟ್ ಮರೆತುಬಿಡು, ಹೇಗೋ ಇದ್ದುಬಿಡು, ಮುಂದೆ ಕ್ಷಮಾದಾನ ಬರುತ್ತದೆ’ ಎನ್ನುತ್ತಿದ್ದರು.

ಅವನು ಮೇಷ್ಟರನ್ನು ಕೇಳಿದ್ದು ಹಣವನ್ನಲ್ಲ. “ಸಾರ್, ನೀವು ಊರಿಗೆ ಹೋಗ್ತೀರಲ್ಲ, ನಮ್ಮಪ್ಪನಿಗೆ ಒಂದು ಮಾತು ಹೇಳಿ. ನಿಮ್ಮ ಮಗ ಚೆನ್ನಾಗಿದಾನೆ, ಕೆಲಸದಾಗೆ ಇದಾನೆ ಅಂತ. ದೊಡ್ಡೋರು ಹೇಳಿದ್ರೆ ನಂಬ್ತಾರೆ,” ಎಂದ.

ಮೇಷ್ಟರಿಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಸಂಕಟದಲ್ಲಿರುವ ಒಬ್ಬ ತಂದೆಯ ನೆಮ್ಮದಿಗಾಗಿ ಒಂದು ಮಾತು. ಅದರಿಂದ ಯಾರಿಗೆ ಏನು ಕೆಡುಕು? ದಯೆಯಿಂದ ಹುಟ್ಟಿದ ಸುಳ್ಳು ಸುಳ್ಳಲ್ಲವೆಂದು ಲೋಕ ಹೇಳುತ್ತದೆ. ಈ ಗೊಂದಲದಲ್ಲಿರುವಾಗ ತರುಣ ತನ್ನ ಫೋನು ತೆರೆದು, ತಾನು ಊರಿಗೆ ಕಳಿಸಿದ ಚಿತ್ರಗಳನ್ನು ತೋರಿಸಿದ. ಬುರ್ಜ್ ಖಲೀಫಾದ ಮುಂದೆ ಕಪ್ಪು ಕನ್ನಡಕ ಹಾಕಿ ನಿಂತ ಚಿತ್ರ. ಯಾರದೋ ಕಾರಿಗೆ ಒರಗಿ ನಿಂತ ಚಿತ್ರ. ಅವುಗಳ ಕೆಳಗೆ ಒಂದು ಸುಳ್ಳು ಮಾತನ್ನೂ ಅವನು ಬರೆದಿರಲಿಲ್ಲ. ಕಟ್ಟಡ ನಿಜ, ಕಾರು ನಿಜ, ನಿಂತವನೂ ನಿಜ. ಆದರೆ ಆ ಚಿತ್ರ ನೋಡಿದ ಅವನ ಹಳ್ಳಿಯ ಇನ್ನಿಬ್ಬರು ಹುಡುಗರು ಅದೇ ಏಜೆಂಟನಿಗೆ ಮುಂಗಡ ಕೊಟ್ಟಿದ್ದರು. ಅವರಲ್ಲಿ ಒಬ್ಬ ಅವನ ಚಿಕ್ಕಪ್ಪನ ಮಗ. ಇದನ್ನು ತರುಣ ಹೇಳಿದ್ದು ತಲೆ ತಗ್ಗಿಸಿ, ಕೊನೆಗೆ, ಹೇಳಬೇಕೋ ಬೇಡವೋ ಎಂಬಂತೆ.

ಅಲ್ಲಿಗೆ ಮೇಷ್ಟರ ಗೊಂದಲ ಕಳೆಯಿತು. “ತಮ್ಮಾ, ನಿಮ್ಮಪ್ಪನ ಒಂದು ರಾತ್ರಿಯ ನಿದ್ದೆಗೆ ನಾನು ಈ ಮಾತು ಹೇಳಬಹುದಿತ್ತು. ಆದರೆ ಅದನ್ನು ನಂಬಿ ಇನ್ನಿಬ್ಬರ ಮನೆಯ ಸರ ಅಡವಿಗೆ ಹೋಗುತ್ತದೆ. ಆ ಭಾರ ನಾನು ಹೊರಲಾರೆ, ನೀನೂ ಹೊರಬೇಡ. ಹೇಳಬೇಕಾದ್ದನ್ನು ನೀನೇ ಹೇಳು. ಹೇಳುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ,” ಎಂದರು.

“ಯಾವ ಮುಖ ಇಟ್ಕೊಂಡು ಹೋಗ್ಲಿ ಸಾರ್?” ಎಂದ ಅವನು.

“ಹೊರಟಾಗ ಇದ್ದ ಮುಖವನ್ನೇ. ಮೋಸ ಹೋದವನ ಮುಖ ಅದು, ಮೋಸ ಮಾಡಿದವನದಲ್ಲ. ಇನ್ನೊಂದು ತಿಂಗಳು ಸುಮ್ಮನಿದ್ದರೆ ಅದು ಬದಲಾಗುತ್ತದೆ,” ಎಂದರು ಮೇಷ್ಟರು.

ಮರುದಿನ ಅವನನ್ನು ಶಾರ್ಜಾದ ಮನೆಗೆ ಕರೆದು ಊಟಕ್ಕಿಕ್ಕಿದರು. ಅಳಿಯ ಕಾಗದಗಳನ್ನು ಓದಿ ಇದ್ದ ಸಂಗತಿಯನ್ನು ಬಿಡಿಸಿ ಹೇಳಿದ. ಸಂದರ್ಶಕರ ವೀಸಾದಲ್ಲಿ ಬಂದು ದುಡಿಯುವುದು ಅಲ್ಲಿ ಅಪರಾಧ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ ಬೆಳೆಯುತ್ತ ಹೋಗುತ್ತದೆ. ಭಾರತೀಯ ಕಾನ್ಸುಲೇಟಿನ ಆಶ್ರಯದ ಸಹಾಯತಾ ಕೇಂದ್ರಕ್ಕೂ ಅವನನ್ನು ಕರೆದೊಯ್ದರು. ಅಲ್ಲಿ ಸಿಕ್ಕ ಸಲಹೆಯೂ ಅದೇ, ಅವಧಿಯೊಳಗೆ ಊರಿಗೆ ಮರಳು, ಅಲ್ಲಿಂದ ದೂರು ಕೊಡು ಎಂಬುದು. ರಾತ್ರಿ ತಂದೆಗೆ ಫೋನು ಮಾಡಿಸಿದರು. ಮಗ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ತಂದೆ ಕೇಳಿದ ಮೊದಲ ಮಾತು “ಉಂಡ್ಯಾ?” ಎಂಬುದು.

ಒಂಬತ್ತನೆಯ ದಿನ ಅವನು ಹೊರಟ. ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಹೇಳಲಾಗದು. ಚಿಕ್ಕಪ್ಪನ ಮಗನ ಮನೆಯವರು ಮುಂಗಡದಲ್ಲಿ ಅರ್ಧವನ್ನು ಮಾತ್ರ ಹಿಂದೆ ಪಡೆದರು. ಇನ್ನೊಬ್ಬ ಹುಡುಗನ ಮನೆಯವರು ಇವನ ಮಾತನ್ನು ನಂಬಲಿಲ್ಲ. ತಾನು ಹಾಳಾದವನು ಪರರ ಏಳಿಗೆ ಸಹಿಸನು ಎಂದು ಆಡಿಕೊಂಡರು, ಮಗನನ್ನು ಕಳುಹಿಸಿಯೇ ಬಿಟ್ಟರು. ದಾವಣಗೆರೆಯ ಒಂದು ಮಂಡಿಯಲ್ಲಿ ಕೆಲಸಕ್ಕೆ ಸೇರಿದ ತರುಣನ ಸಾಲ ಇನ್ನೂ ತೀರಿಲ್ಲ. ಸತ್ಯ ಹೇಳಿದವನಿಗೆ ಕೂಡಲೇ ಫಲ ಸಿಗುವುದೆಂಬ ಮಾತು ಕಥೆಗಳಿಗೆ ಸರಿ. ಬದುಕಿನಲ್ಲಿ ಅದರ ಫಲ ಬಹಳ ಸಲ ಇಷ್ಟೇ: ಇಬ್ಬರಲ್ಲಿ ಒಬ್ಬ ಉಳಿದ. ಆ ಒಬ್ಬನಿಗೆ ಅದು ಸಣ್ಣದಲ್ಲ.

ಈ ಪ್ರಸಂಗದಲ್ಲಿ ಏಜೆಂಟನು ಆಡಿದ ಮಾತುಗಳನ್ನು ತೂಗಿ ನೋಡಬೇಕು. ‘ವೀಸಾ ಬಂದಿದೆ’ ಎಂದದ್ದು ಸುಳ್ಳಲ್ಲ. ಯಾವ ವೀಸಾ ಎಂದು ಹೇಳಲಿಲ್ಲ. ‘ದುಬೈಯಲ್ಲಿ ಗೋದಾಮುಗಳಿವೆ’ ಎಂಬುದೂ ಸುಳ್ಳಲ್ಲ. ಅವು ಇವನನ್ನು ಕರೆದಿವೆಯೇ ಎಂದು ಹೇಳಲಿಲ್ಲ. ಪೂರ್ಣ ಸುಳ್ಳನ್ನು ಒಮ್ಮೆ ಹಿಡಿಯಬಹುದು. ಅರ್ಧಸತ್ಯವನ್ನು ಹಿಡಿಯುವುದು ಕಷ್ಟ. ದಾರಿ ತಿಳಿದವನು ದಾರಿ ತಿಳಿಯದವನ ಅಜ್ಞಾನದಿಂದ ಲಾಭ ಪಡೆಯುವುದು ಕಳವಿನ ಒಂದು ರೂಪವೇ. ಇತ್ತ ತರುಣ ಕಳಿಸಿದ ಚಿತ್ರಗಳೂ ಅದೇ ಜಾತಿಯವು. ಅವನು ವಂಚಿಸಲೆಂದು ಕಳಿಸಲಿಲ್ಲ. ನಾಚಿಕೆಯನ್ನು ಮುಚ್ಚಿಕೊಳ್ಳಲೆಂದು ಕಳಿಸಿದ. ಆದರೂ ಏಜೆಂಟನಿಗೆ ಅವಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಇರಲಿಲ್ಲ. ಮೋಸಹೋದವನ ಮೌನವೇ ಮುಂದಿನ ಮೋಸಕ್ಕೆ ಬಂಡವಾಳವಾಗುವುದು ಹೀಗೆ.

ಕಾನೂನು ಸುಮ್ಮನೆ ಕುಳಿತಿಲ್ಲ. 1983ರ ವಲಸೆ ಕಾಯ್ದೆಯಂತೆ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟನು ನೋಂದಣಿ ಪಡೆದಿರಬೇಕು. ಅವನು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯಿದೆ, ರಸೀದಿ ಕೊಡಬೇಕು. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ಆಗ ಕೆಲಸದ ಕರಾರನ್ನು ಪರಿಶೀಲಿಸುತ್ತಾರೆ, ವಿಮೆ ಮಾಡಿಸುತ್ತಾರೆ. ಎಮಿರೇಟುಗಳಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು, ನೇಮಕಾತಿಯ ವೆಚ್ಚವನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು, ಅವನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳಬಾರದು ಎನ್ನುತ್ತದೆ. ಸಂದರ್ಶಕರ ವೀಸಾ ಹಿಡಿದು ಕೆಲಸಕ್ಕೆ ಹೋಗುವವನು ಈ ಬೇಲಿಗಳೆಲ್ಲದರ ಹೊರಗೆ ನಿಲ್ಲುತ್ತಾನೆ. ಬೇಲಿಯನ್ನು ತಪ್ಪಿಸಿಕೊಂಡು ಹೋಗುವ ದಾರಿಯನ್ನು ಹತ್ತಿರದ ದಾರಿಯೆಂದು ತೋರಿಸುವುದೇ ಮೋಸಗಾರನ ಜಾಣತನ.

ಇದಕ್ಕೆ ಎದುರಾಗಿ, ಓದುಬರಹದ ಬಲ ಕಡಿಮೆಯಿದ್ದರೂ ಪರಸ್ಪರ ನಂಬಿಕೆಯಿಂದ ಪರದೇಶಗಳ ದಾರಿ ಕಲಿತವರ ಉದಾಹರಣೆಯೂ ಚನ್ನಗಿರಿಯಲ್ಲೇ ಇದೆ. ಅಸ್ತಾಪನಹಳ್ಳಿ, ಗೋಪನಾಳ್ ಮುಂತಾದ ಕಡೆ ನೆಲೆಸಿರುವ ಹಕ್ಕಿಪಿಕ್ಕಿ ಜನರು ಹಿಂದೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ವೃತ್ತಿ ನಿಂತಿತು. ಪ್ರಾಣಿಹಿಂಸೆ ನಿಲ್ಲಬೇಕೆನ್ನುವವರು, ಅದು ನಿಂತಾಗ ಬರಿಗೈಯಾದವರ ಅನ್ನದ ಚಿಂತೆಯನ್ನೂ ಮಾಡಬೇಕು. ಆದರೆ ಆ ಜನ ಕಾಯುತ್ತ ಕೂರಲಿಲ್ಲ. ಗಿಡಮೂಲಿಕೆ, ತೈಲಗಳ ವ್ಯಾಪಾರ ಹಿಡಿದು ಆಫ್ರಿಕದ ದೇಶಗಳವರೆಗೆ ಹೋದರು. ಮೊದಲು ಹೋದವರು ಹಿಂದೆ ಬಂದವರಿಗೆ ಇಳಿಯುವ ಊರು, ಬಾಡಿಗೆ ಮನೆ, ಅಲ್ಲಿನ ನಾಲ್ಕು ಮಾತು ಕಲಿಸಿದರು.

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕದನ ಹೊತ್ತಿಕೊಂಡಾಗ ಇವರಲ್ಲಿ ಅನೇಕರು ಆ ದೇಶದಲ್ಲಿದ್ದರು. ಕೆಲವರು ದೂರದ ಅಲ್ ಫಾಶಿರ್‌ನಲ್ಲಿ ಅನ್ನ ನೀರಿನ ಕೊರತೆಯಲ್ಲಿ ಸಿಕ್ಕಿಬಿದ್ದರು. ಅವರನ್ನೂ ಸೇರಿಸಿ ಸುಮಾರು 3,800 ಜನರನ್ನು ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಕಾರ್ಯಾಚರಣೆಯಲ್ಲಿ ಕರೆತಂದಿತು. ಪೋರ್ಟ್ ಸುಡಾನಿನಿಂದ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಕೆಂಪು ಸಮುದ್ರ ದಾಟಿ ಸೌದಿ ಅರೇಬಿಯದ ಜೆಡ್ಡಾ, ಅಲ್ಲಿನ ಭಾರತೀಯ ಶಾಲೆಯಲ್ಲಿ ತಂಗುವ ವ್ಯವಸ್ಥೆ, ಅಲ್ಲಿಂದ ತಾಯ್ನಾಡು. ಬೆಂಗಳೂರಿನಲ್ಲಿ ಇಳಿದಾಗ ಹಳದಿ ಜ್ವರದ ಲಸಿಕೆಯ ಪತ್ರವಿಲ್ಲದವರು ಕೆಲದಿನ ಪ್ರತ್ಯೇಕವಾಗಿ ಇರಬೇಕಾಯಿತು. ಒಂದು ತುಂಡು ಕಾಗದದ ಬೆಲೆ ಪಯಣದಲ್ಲಿ ಎಷ್ಟೆಂಬುದು ಆಗ ತಿಳಿಯುತ್ತದೆ. ಆ ದಿನಗಳಲ್ಲಿ ಜೆಡ್ಡಾದ ಶಾಲೆಯೊಂದರ ಕೋಣೆಗಳು ಚನ್ನಗಿರಿಯ ಮಕ್ಕಳಿಗೆ ಸೂರಾದವು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳನ್ನು ನಮ್ಮ ಹಿರಿಯರು ನಾಲ್ಕು ಬಗೆಯಾಗಿ ಎಣಿಸಿದ್ದಾರೆ. ಮೊದಲಿನ ಎರಡನ್ನು ನಾವು ಸುಲಭವಾಗಿ ಮಾಡುತ್ತೇವೆ. ಫಲಕದ ಮೇಲೆ ಹೆಸರನ್ನೂ ಬರೆಸುತ್ತೇವೆ. ಉಳಿದೆರಡಕ್ಕೆ ಹಣ ಬೇಕಿಲ್ಲ, ಆದ್ದರಿಂದಲೇ ಅವು ಮರೆತುಹೋಗುತ್ತವೆ. ಓದಬಲ್ಲವನು ಓದಲಾರದವನ ವೀಸಾ ಕಾಗದವನ್ನು ಓದಿ ಹೇಳುವುದು ಶಾಸ್ತ್ರದಾನವೇ. ಸೋತು ಮರಳಿದವನನ್ನು ಊರಿನ ಕಟ್ಟೆಯಲ್ಲಿ ಹಂಗಿಸದೆ ಕೂರಿಸಿಕೊಳ್ಳುವುದು ಅಭಯದಾನವೇ. ‘ಯಾವ ಮುಖ ಇಟ್ಟುಕೊಂಡು ಹೋಗಲಿ’ ಎಂದು ಜಗಳೂರಿನ ತರುಣ ಹೆದರಿದ್ದು ದುಬೈಯ ಪೊಲೀಸರಿಗಲ್ಲ, ತನ್ನ ಊರಿನ ನಾಲಿಗೆಗೆ. ಆ ನಾಲಿಗೆಯನ್ನು ಬಲ್ಲ ಏಜೆಂಟನು ನಿಶ್ಚಿಂತನಾಗಿದ್ದಾನೆ.

ಆದ್ದರಿಂದ ಮನೆಯ ಮಗ ಹೊರದೇಶಕ್ಕೆ ಹೊರಟಾಗ ಸಾಲ ಹುಡುಕುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಕಾಗದದಲ್ಲಿರುವುದು ಕೆಲಸದ ವೀಸಾವೇ, ನೋಡಿಬರುವ ವೀಸಾವೇ? ಕಳಿಸುವವನ ನೋಂದಣಿ ಸಂಖ್ಯೆ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ? ಕೊಟ್ಟ ಹಣಕ್ಕೆ ರಸೀದಿ ಇದೆಯೇ? ಈ ಮೂರಕ್ಕೆ ನೇರವಾದ ಉತ್ತರ ಕೊಡದವನು ಎಷ್ಟೇ ಹತ್ತಿರದ ನಂಟನಾದರೂ ಅವನ ಕೈಗೆ ಹಣ ಹೋಗಬಾರದು. ಈಗಾಗಲೇ ಹೋಗಿಬಂದವರು, ಅಲ್ಲಿ ಗೆದ್ದವರಾಗಲಿ ಸೋತವರಾಗಲಿ, ತಾವು ಕಂಡ ದಾರಿಯನ್ನು ಇದ್ದುದು ಇದ್ದ ಹಾಗೆ ಹೇಳಬೇಕು. ಮಲೆಯಾಳಿ ಅಂಗಡಿಯವನೂ ಪೇಶಾವರದ ಮುದುಕನೂ ಗುರುತಿಲ್ಲದ ಮೇಷ್ಟರಿಗೆ ಅಷ್ಟನ್ನು ಮಾಡಿದರು. ಗುರುತಿರುವ ನಮ್ಮವರಿಗೆ ನಾವು ಅದಕ್ಕಿಂತ ಕಡಿಮೆ ಮಾಡುವುದು ನ್ಯಾಯವಲ್ಲ.